ಯಾವ ಲೆಕ್ಕಕ್ಕೆ ಯಾವ ದಾರಿ? ಇಂಟಿಗ್ರೇಷನ್ ಮಾಡುವ ಮುನ್ನ ಓದುವುದು ಹೇಗೆ

ಇಂಟಿಗ್ರೇಷನ್ ಅಧ್ಯಾಯ ಮುಗಿಸಿದ ದ್ವಿತೀಯ ಪಿಯುಸಿ ಹುಡುಗಿಯೊಬ್ಬಳ ನೋಟ್‌ಬುಕ್ ತೆರೆದು ನೋಡಿ. ಅಭ್ಯಾಸ 7.2ರ ಲೆಕ್ಕಗಳೆಲ್ಲ ಸರಿ. 7.5 ಸರಿ. 7.6 ಕೂಡ ಸರಿ. ಅವೇ ಲೆಕ್ಕಗಳನ್ನು ಕಲಸಿ, ಯಾವ ಅಭ್ಯಾಸದ್ದು ಎಂದು ಹೇಳದೆ ಬಿಡಿ ಹಾಳೆಯಲ್ಲಿ ಕೊಡಿ, ಪೆನ್ನು ನಿಂತುಬಿಡುತ್ತದೆ. ಸೂತ್ರ ಮರೆತಿಲ್ಲ, ಬೀಜಗಣಿತ ಬಾರದೆ ಇಲ್ಲ. ಎಲ್ಲಿಂದ ಶುರು ಮಾಡಬೇಕು ಎಂಬುದೊಂದು ತಿಳಿಯುತ್ತಿಲ್ಲ. ಇದರಲ್ಲಿ ಅವಳ ತಪ್ಪೇನೂ ಇಲ್ಲ. ಪುಸ್ತಕದಲ್ಲಿ 7.2 ಎಂದರೆ ಸಬ್‌ಸ್ಟಿಟ್ಯೂಷನ್, 7.5 ಎಂದರೆ ಪಾರ್ಷಿಯಲ್ ಫ್ರಾಕ್ಷನ್ಸ್, 7.6 ಎಂದರೆ ಬೈ ಪಾರ್ಟ್ಸ್. ಪ್ರತಿ ಲೆಕ್ಕದ ದಾರಿಯನ್ನೂ ತಲೆಬರಹವೇ ಹೇಳಿಕೊಟ್ಟಿತ್ತು. ಪರೀಕ್ಷೆಯ ಹಾಳೆಯಲ್ಲಿ ತಲೆಬರಹ ಇರುವುದಿಲ್ಲ.

ಚಿಕ್ಕಬಳ್ಳಾಪುರ ತಾಲ್ಲೂಕಿನ ಮಂಡಿಕಲ್ ಹೋಬಳಿಯಂಥ ಕಡೆಯಿಂದ ವಿಜ್ಞಾನ ಓದಲು ಬರುವ ಮಕ್ಕಳ ಮೇಲೆ ಇನ್ನೊಂದು ಭಾರವೂ ಇದೆ. ಮನೆಯಲ್ಲಿ ತೆಲುಗು, ಹತ್ತನೆಯ ತರಗತಿಯವರೆಗೆ ಕನ್ನಡ, ಪಿಯುಸಿಗೆ ಕಾಲಿಟ್ಟ ದಿನದಿಂದ ಇಂಗ್ಲಿಷ್ ಪುಸ್ತಕ: ಈ ದಾರಿಯಲ್ಲಿ ಬಂದವರು ಈ ಸೀಮೆಯಲ್ಲಿ ಎಷ್ಟೋ ಮಂದಿ. ಅವರಿಗೆ ನಾನು ಹೇಳುವುದು ಒಂದೇ. ಇಂಟಿಗ್ರೇಷನ್‌ನಲ್ಲಿ ಓದಬೇಕಾದದ್ದು ಇಂಗ್ಲಿಷ್ ವಾಕ್ಯವಲ್ಲ, ಲೆಕ್ಕದ ಆಕಾರ. ಯಾವ ವಿಧಾನ ಬೇಕು ಎಂಬುದು ಆ ಆಕಾರದಲ್ಲೇ ಇರುತ್ತದೆ, ಅದನ್ನು ಕಾಣುವ ಕಣ್ಣನ್ನು ಮನೆಯಲ್ಲಿ ಕೂತೇ ಬೆಳೆಸಿಕೊಳ್ಳಬಹುದು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ರೀಲರ್ ಒಬ್ಬರು ಬೆಲೆ ಹಾಕುವ ಮೊದಲು ಒಂದು ಹಿಡಿ ಗೂಡು ತೆಗೆದು, ಬೆರಳಲ್ಲಿ ಒತ್ತಿ, ಕಿವಿಯ ಬಳಿ ಅಲ್ಲಾಡಿಸಿ ನೋಡುತ್ತಾರಲ್ಲ, ಲೆಕ್ಕದ ಮುಂದೆಯೂ ಅಷ್ಟು ಹೊತ್ತು ನಿಲ್ಲಬೇಕು.

ಇಲ್ಲಿ ಲೆಕ್ಕಗಳನ್ನು ತರಗತಿಯಲ್ಲಿ ಬಾಯಿಬಿಟ್ಟು ಹೇಳುವ ಹಾಗೆಯೇ ಬರೆದಿದ್ದೇನೆ. ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು, ಪ್ರತಿಯೊಂದನ್ನೂ ಚಿಹ್ನೆಗಳಲ್ಲಿ ಬರೆದುಕೊಂಡು ಮುಂದಕ್ಕೆ ಹೋಗಿ. ಜಾಗ ಉಳಿಸಲು ಉತ್ತರಗಳ ಕೊನೆಯ ‘ಪ್ಲಸ್ ಸಿ’ಯನ್ನು ನಾನು ಬಿಟ್ಟಿದ್ದೇನೆ, ನೀವು ಬಿಡಬೇಡಿ.

ಮೊದಲ ಕೆಲಸ: ಗಂಟು ಬಿಚ್ಚುವುದು

ಇಂಟಿಗ್ರೇಟ್ ಮಾಡುವ ಆತುರ ಬೇಡ. ಇದನ್ನು ಇನ್ನೂ ಸರಳವಾಗಿ ಬರೆಯಬಹುದೇ ಎಂದು ಮೊದಲು ಕೇಳಿಕೊಳ್ಳಿ. (ಎಕ್ಸ್²+3ಎಕ್ಸ್+1)/ಎಕ್ಸ್ ಎಂಬುದನ್ನು ಕಂಡ ಕೂಡಲೇ ಸಬ್‌ಸ್ಟಿಟ್ಯೂಷನ್ ಹುಡುಕುವವರಿದ್ದಾರೆ. ಛೇದದಲ್ಲಿ ಒಂದೇ ಪದ ಇರುವಾಗ ಬಿಡಿಸಿ ಬರೆದರೆ ಮುಗಿಯಿತು: ಎಕ್ಸ್ + 3 + 1/ಎಕ್ಸ್. ಟ್ಯಾನ್² ಎಕ್ಸ್ ಕಂಡರೆ ಸೆಕ್² ಎಕ್ಸ್ − 1 ಎಂದು ಬರೆಯಿರಿ. ಸೈನ್² ಎಕ್ಸ್ ಕಂಡರೆ ಅದು (1 − ಕಾಸ್ 2ಎಕ್ಸ್)/2. ‘ಇ’ಯ ಘಾತದಲ್ಲಿ ಲಾಗ್ ಕೂತಿದ್ದರೆ ಅದು ವೇಷ ಹಾಕಿಕೊಂಡ ಬಹುಪದ ಎಂದೇ ತಿಳಿಯಿರಿ. ಇ^(3 ಲಾಗ್ ಎಕ್ಸ್) ಅಂದರೆ ಬರೀ ಎಕ್ಸ್³.

ಈ ವೇಷಗಳು ಪರೀಕ್ಷೆಯಲ್ಲಿ ಹೆದರಿಸುವ ಕೆಲಸವನ್ನಷ್ಟೇ ಮಾಡುತ್ತವೆ. ಇ^(3 ಲಾಗ್ ಎಕ್ಸ್) ಭಾಗಿಸು (1+ಎಕ್ಸ್⁸) ಎಂಬುದನ್ನು ನೋಡಿ. ವೇಷ ಕಳಚಿದರೆ ಎಕ್ಸ್³/(1+ಎಕ್ಸ್⁸). ಎಕ್ಸ್⁸ ಎಂದರೆ ಎಕ್ಸ್⁴ನ ವರ್ಗ, ಎಕ್ಸ್⁴ನ ಡೆರಿವೇಟಿವ್ 4ಎಕ್ಸ್³, ಮೇಲೆ ಎಕ್ಸ್³ ಕಾದು ಕೂತೇ ಇದೆ. ಉತ್ತರ ¼ ಟ್ಯಾನ್ ಇನ್‌ವರ್ಸ್ (ಎಕ್ಸ್⁴). ಎರಡೇ ಸಾಲು.

ಛೇದದಲ್ಲಿ 1+ಸೈನ್ ಎಕ್ಸ್ ಬಂದಾಗ ಮೇಲೆ ಕೆಳಗೆ 1−ಸೈನ್ ಎಕ್ಸ್‌ನಿಂದ ಗುಣಿಸುವುದೂ ಇದೇ ಜಾತಿಯ ಉಪಾಯ. ಕೆಳಗೆ ಕಾಸ್² ಎಕ್ಸ್ ಬರುತ್ತದೆ, ಮೇಲಿನದು ಎರಡು ತುಂಡಾಗಿ ಸೆಕ್² ಎಕ್ಸ್ − ಸೆಕ್ ಎಕ್ಸ್ ಟ್ಯಾನ್ ಎಕ್ಸ್ ಆಗುತ್ತದೆ. ಎರಡೂ ಬಾಯಿಪಾಠದ ಸೂತ್ರಗಳೇ.

ಎರಡನೆಯ ಪ್ರಶ್ನೆ: ಡೆರಿವೇಟಿವ್ ಪಕ್ಕದಲ್ಲೇ ಇದೆಯೇ?

ಸಬ್‌ಸ್ಟಿಟ್ಯೂಷನ್‌ನ ಮರ್ಮ ‘ಟಿ ಎಂದಿರಲಿ’ ಎಂದು ಬರೆಯುವುದರಲ್ಲಿ ಇಲ್ಲ, ಯಾವುದನ್ನು ಟಿ ಎನ್ನಬೇಕು ಎಂಬುದರಲ್ಲಿದೆ. ಲೆಕ್ಕದಲ್ಲಿ ಒಂದರೊಳಗೆ ಇನ್ನೊಂದು ಫಂಕ್ಷನ್ ಕೂತಿರುವ ಜಾಗ ಹುಡುಕಿ: ವರ್ಗಮೂಲದ ಒಳಗೆ, ಲಾಗ್ ಒಳಗೆ, ಘಾತದ ಮೇಲೆ, ಕಾಸ್‌ನ ಆವರಣದ ಒಳಗೆ. ಒಳಗಿರುವುದರ ಡೆರಿವೇಟಿವ್ ಏನು ಎಂದು ಮನಸ್ಸಿನಲ್ಲೇ ತೆಗೆಯಿರಿ. ಅದು ಹೊರಗೆ ಗುಣಕವಾಗಿ ಇದ್ದರೆ ದಾರಿ ಸಿಕ್ಕಿತು. ಇಲ್ಲಿ ಒಂದು ನಿಯಮವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ: ಅಂಕಿಯ ಕೊರತೆ ಇದ್ದರೆ ತುಂಬಿಕೊಳ್ಳಬಹುದು, ಎಕ್ಸ್‌ನ ಕೊರತೆ ತುಂಬಲಾಗದು.

ಎಕ್ಸ್ ಕಾಸ್(ಎಕ್ಸ್²) ಎಂಬುದಕ್ಕೆ 2 ಮಾತ್ರ ಕಡಿಮೆ, ಹೊರಗೆ ½ ಇಟ್ಟರೆ ಉತ್ತರ ½ ಸೈನ್(ಎಕ್ಸ್²). ಆದರೆ ಬರೀ ಕಾಸ್(ಎಕ್ಸ್²) ಕೊಟ್ಟಾಗ ಸೈನ್(ಎಕ್ಸ್²)/2ಎಕ್ಸ್ ಎಂದು ಬರೆದು ಮುಂದಕ್ಕೆ ಹೋಗುವುದು ತಪ್ಪು. ಅನುಮಾನವಿದ್ದರೆ ಆ ಉತ್ತರವನ್ನು ಡಿಫರೆನ್ಷಿಯೇಟ್ ಮಾಡಿ ನೋಡಿ. ಛೇದದಲ್ಲಿ ಎಕ್ಸ್ ಇರುವುದರಿಂದ ಇನ್ನೊಂದು ಪದ ಹುಟ್ಟಿಕೊಳ್ಳುತ್ತದೆ, ಮೂಲ ಲೆಕ್ಕ ಬರುವುದೇ ಇಲ್ಲ.

ಒಂದೇ ಛೇದ, ಏಳು ದಾರಿ

ಇಡೀ ಅಧ್ಯಾಯದ ಜೀವಾಳ ನನಗೆ ಕಾಣುವುದು ಎಕ್ಸ್²+1 ಎಂಬ ಪುಟ್ಟ ಛೇದದಲ್ಲಿ. ಇದೊಂದನ್ನು ಕೆಳಗಿಟ್ಟು ಮೇಲಿನದನ್ನು ಬದಲಿಸುತ್ತಾ ಹೋದರೆ ಪಠ್ಯದ ಬಹುಪಾಲು ವಿಧಾನಗಳು ಒಂದೊಂದಾಗಿ ಎದುರು ಬರುತ್ತವೆ. ಒಂದು ಸಂಜೆ ಇದಕ್ಕೆಂದೇ ಮೀಸಲಿಡಿ.

ಮೇಲೆ 1 ಇದ್ದರೆ, ಅಂದರೆ 1/(ಎಕ್ಸ್²+1), ಅದು ನೇರ ಸೂತ್ರ: ಟ್ಯಾನ್ ಇನ್‌ವರ್ಸ್ ಎಕ್ಸ್.

ಮೇಲೆ ಎಕ್ಸ್ ಬಂದ ಕೂಡಲೇ ಕಥೆ ಬದಲಾಯಿತು. ಎಕ್ಸ್/(ಎಕ್ಸ್²+1) ಎಂಬಲ್ಲಿ ಛೇದದ ಡೆರಿವೇಟಿವ್ 2ಎಕ್ಸ್, ಮೇಲಿರುವುದು ಅದರ ಅರ್ಧ. ಉತ್ತರ ½ ಲಾಗ್(ಎಕ್ಸ್²+1). ಟ್ಯಾನ್ ಇನ್‌ವರ್ಸ್‌ನ ಸುಳಿವೂ ಇಲ್ಲ.

ಮೇಲೆ ಎಕ್ಸ್² ಬಂದರೆ ಎರಡು ಕಡೆಯ ಘಾತವೂ ಸಮ. ಮೇಲಿನ ಘಾತ ಕೆಳಗಿನದಕ್ಕೆ ಸಮವಾಗಿದ್ದರೆ ಅಥವಾ ಹೆಚ್ಚಾಗಿದ್ದರೆ ಮೊದಲು ಭಾಗಾಕಾರ, ಆಮೇಲೆ ಮಿಕ್ಕದ್ದು. ಎಕ್ಸ್²/(ಎಕ್ಸ್²+1) ಎಂದರೆ 1 − 1/(ಎಕ್ಸ್²+1). ಉತ್ತರ ಎಕ್ಸ್ − ಟ್ಯಾನ್ ಇನ್‌ವರ್ಸ್ ಎಕ್ಸ್. ಎಕ್ಸ್³ ಬಂದರೂ ಅದೇ ಭಾಗಾಕಾರ: ಎಕ್ಸ್ − ಎಕ್ಸ್/(ಎಕ್ಸ್²+1). ಈ ಸಲ ಉಳಿಕೆಯಲ್ಲಿ ಎಕ್ಸ್ ಇರುವುದರಿಂದ ಉತ್ತರದಲ್ಲಿ ಮತ್ತೆ ಲಾಗ್: ಎಕ್ಸ್²/2 − ½ ಲಾಗ್(ಎಕ್ಸ್²+1). ಭಾಗಾಕಾರ ಮಾಡದೆ ನೇರ ಪಾರ್ಷಿಯಲ್ ಫ್ರಾಕ್ಷನ್ಸ್‌ಗೆ ಇಳಿಯುವುದು ಮಕ್ಕಳು ಮತ್ತೆ ಮತ್ತೆ ಮಾಡುವ ತಪ್ಪು. ಆಗ ಸಮೀಕರಣಗಳು ಹೊಂದುವುದೇ ಇಲ್ಲ, ಅರ್ಧ ಪುಟ ವ್ಯರ್ಥ.

ಈಗ ಛೇದಕ್ಕೆ ಇನ್ನೊಂದು ಅಪವರ್ತನ ಸೇರಿಸಿ: 1/(ಎಕ್ಸ್(ಎಕ್ಸ್²+1)). ಪಾರ್ಷಿಯಲ್ ಫ್ರಾಕ್ಷನ್ಸ್‌ಗೆ ಹೇಳಿಮಾಡಿಸಿದ ಲೆಕ್ಕ. ಅದು 1/ಎಕ್ಸ್ − ಎಕ್ಸ್/(ಎಕ್ಸ್²+1) ಎಂದು ಒಡೆಯುತ್ತದೆ. ಎರಡನೆಯ ತುಂಡು ಆಗಲೇ ಪರಿಚಯವಾದದ್ದು.

ಛೇದವನ್ನೇ ವರ್ಗ ಮಾಡಿ 1/(ಎಕ್ಸ್²+1)² ಎಂದಿಟ್ಟರೆ ಇಷ್ಟು ಹೊತ್ತಿನ ಯಾವ ಉಪಾಯವೂ ನಡೆಯದು. ಇಲ್ಲಿ ಎಕ್ಸ್ = ಟ್ಯಾನ್ ಥೀಟಾ ಎಂದು ಇಡಬೇಕು. ಛೇದ ಸೆಕ್⁴ ಥೀಟಾ ಆಗುತ್ತದೆ, ಡಿಎಕ್ಸ್‌ನಿಂದ ಸೆಕ್² ಥೀಟಾ ಬರುತ್ತದೆ, ಉಳಿಯುವುದು ಕಾಸ್² ಥೀಟಾ. ಅರ್ಧಕೋನದ ಸೂತ್ರ ಹಾಕಿ ಮರಳಿ ಎಕ್ಸ್‌ಗೆ ಬಂದರೆ ½ ಟ್ಯಾನ್ ಇನ್‌ವರ್ಸ್ ಎಕ್ಸ್ + ಎಕ್ಸ್/(2(ಎಕ್ಸ್²+1)).

ಏಳನೆಯದು ಟ್ಯಾನ್ ಇನ್‌ವರ್ಸ್ ಎಕ್ಸ್ ಅನ್ನೇ ಇಂಟಿಗ್ರೇಟ್ ಮಾಡುವುದು. ಮೇಲ್ನೋಟಕ್ಕೆ ಛೇದವೇ ಇಲ್ಲ. ಆದರೆ ಅದನ್ನು 1 ಗುಣಿಸು ಟ್ಯಾನ್ ಇನ್‌ವರ್ಸ್ ಎಕ್ಸ್ ಎಂದು ಕಂಡು ಬೈ ಪಾರ್ಟ್ಸ್ ಮಾಡಿದರೆ ಒಳಗಿನಿಂದ ಎಕ್ಸ್/(ಎಕ್ಸ್²+1) ಹೊರಬರುತ್ತದೆ. ಉತ್ತರ ಎಕ್ಸ್ ಟ್ಯಾನ್ ಇನ್‌ವರ್ಸ್ ಎಕ್ಸ್ − ½ ಲಾಗ್(ಎಕ್ಸ್²+1).

ಈ ಏಳನ್ನೂ ಒಂದೇ ಹಾಳೆಯಲ್ಲಿ ಮೇಲಿನಿಂದ ಕೆಳಕ್ಕೆ ಬರೆದು ಗೋಡೆಗೆ ಅಂಟಿಸಿಕೊಳ್ಳಿ ಎಂದು ನಾನು ಒತ್ತಾಯದಿಂದಲೇ ಹೇಳುತ್ತೇನೆ. ಒಂದು ಎಕ್ಸ್ ಮೇಲೆ ಬಂದರೆ, ಒಂದು ಘಾತ ಕೆಳಗೆ ಏರಿದರೆ ದಾರಿ ಹೇಗೆ ಬದಲಾಗುತ್ತದೆ ಎಂಬುದನ್ನು ಇಷ್ಟು ಚೆನ್ನಾಗಿ ತೋರಿಸುವ ಪಾಠ ಇನ್ನೊಂದಿಲ್ಲ.

ಇದರ ತಮ್ಮನಂಥ ಇನ್ನೊಂದು ಗುಂಪು: 1/(ಎಕ್ಸ್²+4ಎಕ್ಸ್+3), 1/(ಎಕ್ಸ್²+4ಎಕ್ಸ್+4), 1/(ಎಕ್ಸ್²+4ಎಕ್ಸ್+5). ಕೊನೆಯ ಅಂಕಿಯೊಂದೇ ಬೇರೆ. ಹತ್ತನೆಯ ತರಗತಿಯ ವರ್ಗ ಸಮೀಕರಣದಲ್ಲಿ ಕಲಿತ ಬಿ² − 4ಎಸಿ ಇಲ್ಲಿ ತೀರ್ಪು ಕೊಡುತ್ತದೆ. ಮೊದಲನೆಯದರಲ್ಲಿ ಅದು ಧನ, ಛೇದ (ಎಕ್ಸ್+1)(ಎಕ್ಸ್+3) ಎಂದು ಒಡೆಯುತ್ತದೆ, ಉತ್ತರ ½ ಲಾಗ್ |(ಎಕ್ಸ್+1)/(ಎಕ್ಸ್+3)|. ಎರಡನೆಯದರಲ್ಲಿ ಸೊನ್ನೆ, ಛೇದ (ಎಕ್ಸ್+2)², ಉತ್ತರ −1/(ಎಕ್ಸ್+2). ಮೂರನೆಯದರಲ್ಲಿ ಋಣ, ಛೇದ ಒಡೆಯದು, ವರ್ಗ ಪೂರ್ಣಗೊಳಿಸಿ (ಎಕ್ಸ್+2)²+1 ಎಂದು ಬರೆದರೆ ಉತ್ತರ ಟ್ಯಾನ್ ಇನ್‌ವರ್ಸ್ (ಎಕ್ಸ್+2). ಛೇದದಲ್ಲಿ ವರ್ಗಮೂಲ ಬಂದಾಗಲೂ ಮೊದಲ ಹೆಜ್ಜೆ ವರ್ಗ ಪೂರ್ಣಗೊಳಿಸುವುದೇ. 5−4ಎಕ್ಸ್−ಎಕ್ಸ್² ಎಂಬುದು 9−(ಎಕ್ಸ್+2)² ಆಗುತ್ತದೆ. ಹಾಗಾಗಿ 1/√(5−4ಎಕ್ಸ್−ಎಕ್ಸ್²)ನ ಉತ್ತರ ಸೈನ್ ಇನ್‌ವರ್ಸ್ ((ಎಕ್ಸ್+2)/3).

ವರ್ಗಮೂಲ ಕಂಡ ಕೂಡಲೇ ತ್ರಿಕೋನಮಿತಿಯ ಸಬ್‌ಸ್ಟಿಟ್ಯೂಷನ್‌ಗೆ ಹಾರಬೇಡಿ. √(9−ಎಕ್ಸ್²)ಗೆ ಎಕ್ಸ್ = 3 ಸೈನ್ ಥೀಟಾ ಬೇಕು, ನಿಜ. ಅದರ ಹೊರಗೆ ಒಂದು ಎಕ್ಸ್ ಗುಣಕವಾಗಿದ್ದರೆ 9−ಎಕ್ಸ್² = ಟಿ ಎಂದರೆ ಸಾಕು. ಎರಡನೆಯ ಪ್ರಶ್ನೆ ಎರಡನೆಯ ಸ್ಥಾನದಲ್ಲಿರುವುದು ಇದಕ್ಕೇ.

ಬೈ ಪಾರ್ಟ್ಸ್: ‘ಐಲೇಟ್’ ಎಷ್ಟು ನಂಬಬೇಕು?

ಎರಡು ಬೇರೆ ಕುಲದ ಫಂಕ್ಷನ್‌ಗಳು ಗುಣಿಸಿ ನಿಂತಿದ್ದು, ಒಂದಕ್ಕೂ ಇನ್ನೊಂದರ ಡೆರಿವೇಟಿವ್‌ಗೂ ನಂಟಿಲ್ಲದಿದ್ದರೆ ಬೈ ಪಾರ್ಟ್ಸ್. ಎಕ್ಸ್ ಸೈನ್ ಎಕ್ಸ್, ಎಕ್ಸ್² ಇ^ಎಕ್ಸ್, ಎಕ್ಸ್ ಲಾಗ್ ಎಕ್ಸ್. ಒಂಟಿಯಾಗಿ ನಿಂತ ಲಾಗ್ ಎಕ್ಸ್‌ಗೂ ಇದೇ, ಪಕ್ಕದಲ್ಲಿ 1 ಇದೆ ಎಂದುಕೊಳ್ಳಬೇಕು.

ಯಾವುದನ್ನು ಮೊದಲನೆಯ ಫಂಕ್ಷನ್ ಎನ್ನಬೇಕು ಎಂಬುದಕ್ಕೆ ನಮ್ಮ ತರಗತಿಗಳಲ್ಲಿ ‘ಐಲೇಟ್’ ಎಂದು ಹೇಳಿಕೊಡುತ್ತಾರೆ: ಇನ್‌ವರ್ಸ್, ಲಾಗ್, ಆಲ್‌ಜಿಬ್ರಾ, ಟ್ರಿಗ್, ಎಕ್ಸ್‌ಪೊನೆನ್ಷಿಯಲ್. ಲಾಗ್ ಮತ್ತು ಇನ್‌ವರ್ಸ್‌ಗಳ ಸ್ಥಾನ ಅದಲುಬದಲಾದ ‘ಲಿಯೇಟ್’ ರೂಪದಲ್ಲಿ ಇದನ್ನು ಅಮೆರಿಕದ ಹರ್ಬರ್ಟ್ ಕಸೂಬೆ 1983ರಲ್ಲಿ ಅಲ್ಲಿನ ‘ಮ್ಯಾಥಮೆಟಿಕಲ್ ಮಂತ್ಲಿ’ಯಲ್ಲಿ ಪುಟ್ಟ ಟಿಪ್ಪಣಿಯಾಗಿ ಬರೆದಿದ್ದರು. ಬಹಳ ಸಲ ಕೈಹಿಡಿಯುವ ಸಲಹೆ ಇದು. ಆದರೆ ಪ್ರಮೇಯವಲ್ಲ.

ಎಕ್ಸ್³ ಇ^(ಎಕ್ಸ್²) ತೆಗೆದುಕೊಳ್ಳಿ. ಐಲೇಟ್ ಪ್ರಕಾರ ಎಕ್ಸ್³ ಮೊದಲನೆಯದು, ಇ^(ಎಕ್ಸ್²) ಎರಡನೆಯದು. ಆದರೆ ಇ^(ಎಕ್ಸ್²) ಅನ್ನು ಇಂಟಿಗ್ರೇಟ್ ಮಾಡಲು ನಮ್ಮಲ್ಲಿ ಸೂತ್ರವೇ ಇಲ್ಲ. ಅಕ್ಷರಗಳನ್ನು ಬಿಟ್ಟು ಲೆಕ್ಕವನ್ನು ನೋಡಿ: ಎಕ್ಸ್³ ಅನ್ನು ಎಕ್ಸ್² ಗುಣಿಸು ಎಕ್ಸ್ ಎಂದು ಒಡೆದು, ಎಕ್ಸ್ ಇ^(ಎಕ್ಸ್²) ಅನ್ನು ಒಂದು ಗುಂಪು ಮಾಡಿದರೆ ಆ ಗುಂಪಿನ ಇಂಟಿಗ್ರಲ್ ½ ಇ^(ಎಕ್ಸ್²). ಅಲ್ಲಿಂದ ಮುಂದೆ ಉತ್ತರ ½(ಎಕ್ಸ್²−1) ಇ^(ಎಕ್ಸ್²). ನಿಜವಾದ ಪರೀಕ್ಷೆ ಎರಡೇ. ಎರಡನೆಯದಾಗಿ ಆರಿಸಿದ್ದನ್ನು ಇಂಟಿಗ್ರೇಟ್ ಮಾಡಲು ನನಗೆ ಬರುತ್ತದೆಯೇ? ಹುಟ್ಟುವ ಹೊಸ ಇಂಟಿಗ್ರಲ್ ಹಳೆಯದಕ್ಕಿಂತ ಸುಲಭವೇ? ಎರಡಕ್ಕೂ ಹೌದು ಎಂದಾದರೆ ಯಾವ ಕ್ರಮವಾದರೂ ಸರಿ.

ಇ^ಎಕ್ಸ್ ಪಕ್ಕದಲ್ಲಿ ಎರಡು ಪದಗಳ ಮೊತ್ತ ಇದ್ದರೆ, ಒಂದು ಇನ್ನೊಂದರ ಡೆರಿವೇಟಿವ್ ಇರಬಹುದೇ ಎಂದು ಮೊದಲು ನೋಡಿ. ಇ^ಎಕ್ಸ್ (ಟ್ಯಾನ್ ಎಕ್ಸ್ + ಸೆಕ್² ಎಕ್ಸ್) ಕಂಡ ಕೂಡಲೇ ಉತ್ತರ ಇ^ಎಕ್ಸ್ ಟ್ಯಾನ್ ಎಕ್ಸ್. ಪ್ರಶ್ನೆ ಹಾಕುವವರು ಇದನ್ನು ಎಕ್ಸ್ ಇ^ಎಕ್ಸ್/(1+ಎಕ್ಸ್)² ಎಂಬ ಹಾಗೆ ಮರೆಮಾಡಿ ಕೊಡುತ್ತಾರೆ. ಮೇಲಿನ ಎಕ್ಸ್ ಅನ್ನು (1+ಎಕ್ಸ್)−1 ಎಂದು ಬರೆದರೆ ಮರೆ ಸರಿಯುತ್ತದೆ, ಉತ್ತರ ಇ^ಎಕ್ಸ್/(1+ಎಕ್ಸ್).

ಸೆಕ್ ಎಕ್ಸ್‌ಗೆ ಎಪ್ಪತ್ತು ವರ್ಷ

ಸೈನ್, ಕಾಸ್‌ಗಳ ಘಾತಗಳ ಲೆಕ್ಕಕ್ಕೆ ಹೆಚ್ಚು ಮಾತು ಬೇಡ. ಒಂದರ ಘಾತ ಬೆಸವಾಗಿದ್ದರೆ ಅದರಿಂದ ಒಂದನ್ನು ಪಕ್ಕಕ್ಕಿಟ್ಟು, ಮಿಕ್ಕದ್ದನ್ನು ಇನ್ನೊಂದಕ್ಕೆ ಬದಲಿಸಿ ಸಬ್‌ಸ್ಟಿಟ್ಯೂಷನ್ ಮಾಡಿ. ಎರಡೂ ಸಮವಾಗಿದ್ದರೆ ಅರ್ಧಕೋನ. ಛೇದದಲ್ಲಿ 5+4 ಕಾಸ್ ಎಕ್ಸ್ ಎಂಬಂಥದ್ದು ಬಂದು ಬೇರೆ ಯಾವ ದಾರಿಯೂ ಕಾಣದಿದ್ದರೆ ಮಾತ್ರ ಟ್ಯಾನ್(ಎಕ್ಸ್/2) = ಟಿ. ಅದು ಯಾವಾಗಲೂ ನಡೆಯುತ್ತದೆ, ಆದರೆ ಉದ್ದ.

ಸೆಕ್ ಎಕ್ಸ್‌ನ ಬಳಿ ಮಾತ್ರ ತುಸು ನಿಲ್ಲಬೇಕು. ‘ಮೇಲೆ ಕೆಳಗೆ ಸೆಕ್ ಎಕ್ಸ್ + ಟ್ಯಾನ್ ಎಕ್ಸ್‌ನಿಂದ ಗುಣಿಸಿ’ ಎಂದು ಪುಸ್ತಕ ಹೇಳಿದಾಗ, ಇದು ತನಗೆ ಯಾವ ಜನ್ಮದಲ್ಲಿ ಹೊಳೆದೀತು ಎಂದು ಮಕ್ಕಳು ಕುಗ್ಗುತ್ತಾರೆ. ಕುಗ್ಗಬೇಕಿಲ್ಲ. ಹಡಗಿನವರು ಬಳಸುವ ಮರ್ಕೇಟರ್ ನಕ್ಷೆಗೆ ಈ ಇಂಟಿಗ್ರಲ್ ಬೇಕಾಗಿತ್ತು. ಇಂಗ್ಲೆಂಡಿನ ಎಡ್ವರ್ಡ್ ರೈಟ್ 1599ರಲ್ಲಿ ಚಿಕ್ಕ ಚಿಕ್ಕ ತುಂಡುಗಳನ್ನು ಕೂಡಿಸುತ್ತಾ ಕೋಷ್ಟಕ ಪ್ರಕಟಿಸಿದರು. ಆ ಕೋಷ್ಟಕ ಲಾಗ್ ಟ್ಯಾನ್‌ನ ಕೋಷ್ಟಕಕ್ಕೆ ಹೊಂದುತ್ತದೆ ಎಂದು 1640ರ ದಶಕದಲ್ಲಿ ಹೆನ್ರಿ ಬಾಂಡ್ ಗಮನಿಸಿದರು. ಸಾಧಿಸಿ ತೋರಿಸಲು 1668ರಲ್ಲಿ ಜೇಮ್ಸ್ ಗ್ರೆಗರಿ ಬರಬೇಕಾಯಿತು. ಅವರ ಸಾಧನೆ ಬಹಳ ಜಟಿಲ. 1670ರಲ್ಲಿ ಐಸಾಕ್ ಬ್ಯಾರೋ ಕೊಟ್ಟದ್ದು ನಿಮಗೂ ಹೊಳೆಯಬಹುದಾದ ದಾರಿ: ಸೆಕ್ ಎಕ್ಸ್ ಎಂದರೆ 1/ಕಾಸ್ ಎಕ್ಸ್. ಕಾಸ್‌ನ ಘಾತ ಬೆಸ, ಮೇಲೆ ಕೆಳಗೆ ಕಾಸ್ ಎಕ್ಸ್‌ನಿಂದ ಗುಣಿಸಿ. ಕೆಳಗೆ 1−ಸೈನ್² ಎಕ್ಸ್ ಬಂತು. ಸೈನ್ ಎಕ್ಸ್ = ಟಿ ಎಂದರೆ 1/(1−ಟಿ²), ಪಾರ್ಷಿಯಲ್ ಫ್ರಾಕ್ಷನ್ಸ್. ಉತ್ತರ ½ ಲಾಗ್((1+ಸೈನ್ ಎಕ್ಸ್)/(1−ಸೈನ್ ಎಕ್ಸ್)).

ಇದು ಪುಸ್ತಕದ ಲಾಗ್|ಸೆಕ್ ಎಕ್ಸ್ + ಟ್ಯಾನ್ ಎಕ್ಸ್| ಅಲ್ಲವಲ್ಲ ಎಂದು ಗಾಬರಿಯಾಗಬೇಡಿ, ಎರಡೂ ಒಂದೇ. ಉತ್ತರಗಳು ನೋಟಕ್ಕೆ ಬೇರೆಯಾಗಿದ್ದು ಬೆಲೆಯಲ್ಲಿ ಒಂದೇ ಆಗಿರಬಹುದು, ಅಥವಾ ಒಂದು ಸ್ಥಿರಾಂಕದಷ್ಟು ಮಾತ್ರ ಬೇರೆಯಾಗಿರಬಹುದು. 2 ಸೈನ್ ಎಕ್ಸ್ ಕಾಸ್ ಎಕ್ಸ್‌ಗೆ ಸೈನ್² ಎಕ್ಸ್, −ಕಾಸ್² ಎಕ್ಸ್, −½ ಕಾಸ್ 2ಎಕ್ಸ್ ಮೂರೂ ಸರಿಯಾದ ಉತ್ತರಗಳೇ. ಹಿಂದಿನ ಪುಟದ ಉತ್ತರಕ್ಕೆ ತಾಳೆಯಾಗಲಿಲ್ಲ ಎಂದು ಹೊಡೆದುಹಾಕುವ ಮುನ್ನ ನಿಮ್ಮದನ್ನು ಡಿಫರೆನ್ಷಿಯೇಟ್ ಮಾಡಿ.

ಮಿತಿ ಕೊಟ್ಟಿದ್ದರೆ ಮೊದಲು ಮಿತಿ ನೋಡಿ

ಡೆಫಿನೆಟ್ ಇಂಟಿಗ್ರಲ್‌ನಲ್ಲಿ ಕೆಲವೊಮ್ಮೆ ಇಂಟಿಗ್ರೇಷನ್ನೇ ಬೇಡ. ಮಿತಿಗಳು −2ರಿಂದ 2 ಎಂಬಂತೆ ಸೊನ್ನೆಯ ಎರಡು ಬದಿಗೆ ಸಮವಾಗಿದ್ದರೆ ಬೆಸ ಫಂಕ್ಷನ್‌ನ ಭಾಗ ಸೊನ್ನೆ. −2ರಿಂದ 2ರವರೆಗೆ ಎಕ್ಸ್³ ಕಾಸ್ ಎಕ್ಸ್ + 5 ಕೊಟ್ಟರೆ ಮೊದಲ ಪದವನ್ನು ಅಳಿಸಿ, 5 ಗುಣಿಸು 4, ಉತ್ತರ 20. ಬೈ ಪಾರ್ಟ್ಸ್ ಮೂರು ಸಲ ಮಾಡುವ ಅಗತ್ಯವಿಲ್ಲ.

ಎರಡು ಮಿತಿಗಳ ಮೊತ್ತದಿಂದ ಎಕ್ಸ್ ಕಳೆದು ಅದನ್ನು ಎಕ್ಸ್‌ನ ಜಾಗದಲ್ಲಿ ಇಡುವ ಗುಣವಂತೂ ಪಿಯುಸಿಯಲ್ಲಿ ‘ಸಾಧಿಸಿ, ಅದರಿಂದ ಬೆಲೆ ಕಂಡುಹಿಡಿಯಿರಿ’ ಎಂಬ ರೂಪದಲ್ಲಿ ಬರುವಂಥದ್ದು. 2ರಿಂದ 5ರವರೆಗೆ √ಎಕ್ಸ್/(√ಎಕ್ಸ್+√(7−ಎಕ್ಸ್)) ನೋಡಿ. ಮಿತಿಗಳ ಮೊತ್ತ 7, ಛೇದದಲ್ಲೂ 7. ಎಕ್ಸ್ ಬದಲು 7−ಎಕ್ಸ್ ಇಟ್ಟು ಎರಡನ್ನೂ ಕೂಡಿದರೆ ಒಳಗೆ ಬರೀ 1. ಅಂತರ 3, ಅದರ ಅರ್ಧ 3/2. ಇನ್ನು 0ಯಿಂದ 3ರವರೆಗೆ √(9−ಎಕ್ಸ್²) ಕೊಟ್ಟರೆ ಅದು 3 ತ್ರಿಜ್ಯದ ವೃತ್ತದ ಕಾಲುಭಾಗ: 9ಪೈ/4.

ಸಿಇಟಿಯ ಗಣಿತದಲ್ಲಿ 60 ಪ್ರಶ್ನೆಗೆ 80 ನಿಮಿಷ, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಅಲ್ಲಿ ಇಂಟಿಗ್ರೇಟ್ ಮಾಡುವುದಕ್ಕಿಂತ ನಾಲ್ಕು ಆಯ್ಕೆಗಳನ್ನು ಡಿಫರೆನ್ಷಿಯೇಟ್ ಮಾಡಿ ನೋಡುವುದು ಎಷ್ಟೋ ಸಲ ಬೇಗ. ಮಿತಿ ಇದ್ದರೆ ಬೆಲೆಯನ್ನು ಅಂದಾಜು ಮಾಡಿ. 0ಯಿಂದ 1ರವರೆಗೆ 0 ಮತ್ತು 1ರ ನಡುವೆಯೇ ಇರುವ ಫಂಕ್ಷನ್‌ನ ಇಂಟಿಗ್ರಲ್ 1ನ್ನು ದಾಟಲಾರದು, ಋಣವೂ ಆಗಲಾರದು. ಎರಡು ಆಯ್ಕೆಗಳು ಅಲ್ಲೇ ಬಿದ್ದುಹೋಗಬಹುದು.

ಯಾವ ದಾರಿಯೂ ಇಲ್ಲದಾಗ ಕೆರೆಯ ಲೆಕ್ಕ

ಇ^(−ಎಕ್ಸ್²), ಸೈನ್ ಎಕ್ಸ್/ಎಕ್ಸ್, ಆಗ ನೋಡಿದ ಕಾಸ್(ಎಕ್ಸ್²): ಇವುಗಳ ಇಂಟಿಗ್ರಲ್ ಅನ್ನು ನಮಗೆ ಗೊತ್ತಿರುವ ಫಂಕ್ಷನ್‌ಗಳಲ್ಲಿ ಬರೆಯಲು ಸಾಧ್ಯವೇ ಇಲ್ಲ. ಇದು ನಮ್ಮ ಜಾಣತನದ ಕೊರತೆಯಲ್ಲ. ಯಾವುದನ್ನು ಹಾಗೆ ಬರೆಯಬಹುದು, ಯಾವುದನ್ನು ಆಗದು ಎಂಬುದರ ಸಿದ್ಧಾಂತವನ್ನು ಫ್ರಾನ್ಸಿನ ಜೋಸೆಫ್ ಲಿಯುವಿಲ್ 1830ರ ದಶಕದಲ್ಲಿ ಕಟ್ಟಿದರು. ಆಗ ಉಳಿಯುವುದು ಅಂಕಿಗಳ ದಾರಿ, ಅದೂ ಒಂದು ಪೂರ್ಣ ಪ್ರಮಾಣದ ವಿಧಾನವೇ. ಪಿಯುಸಿ ದಾಟಿ ಇಂಜಿನಿಯರಿಂಗ್ ಅಥವಾ ಬಿ.ಎಸ್ಸಿ.ಗೆ ಹೋದವರು ಟ್ರೆಪಿಜಾಯ್ಡಲ್ ನಿಯಮ, ಸಿಂಪ್ಸನ್ ನಿಯಮ ಎಂದು ಇದನ್ನು ಕಲಿಯುತ್ತಾರೆ.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ವರ್ಷವಿಡೀ ಹರಿಯುವ ನದಿ ಇಲ್ಲದ ಈ ಸೀಮೆ ಕೆರೆಗಳನ್ನು ನಂಬಿದೆ. ಈಗ ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ನೀರನ್ನೂ ಇಲ್ಲಿನ ಕೆರೆಗಳಿಗೆ ಹರಿಸುತ್ತಿದ್ದಾರೆ. ಒಂದು ಕೆರೆಯಲ್ಲಿ ಎಷ್ಟು ನೀರು ಹಿಡಿಯುತ್ತದೆ? ಕೆರೆಯ ಅಂಗಳಕ್ಕೆ ಸೂತ್ರವಿಲ್ಲ. ಸರ್ವೆ ಮಾಡಿ, ಪ್ರತಿ ಮೀಟರ್ ಎತ್ತರದಲ್ಲಿ ನೀರು ಎಷ್ಟು ಜಾಗ ಆವರಿಸುತ್ತದೆ ಎಂದು ಅಳೆಯುತ್ತಾರೆ. ಆ ವಿಸ್ತೀರ್ಣಗಳನ್ನು ಎತ್ತರದುದ್ದಕ್ಕೂ ಇಂಟಿಗ್ರೇಟ್ ಮಾಡಿದರೆ ನೀರಿನ ಪ್ರಮಾಣ. ಲೆಕ್ಕ ತೋರಿಸಲು ನಾನೇ ಹಿಡಿದ ಅಂಕಿಗಳು ಇವು: ಒಂದೊಂದು ಮೀಟರ್ ಅಂತರದಲ್ಲಿ 2, 5, 9, 14, 20 ಹೆಕ್ಟೇರ್. ಟ್ರೆಪಿಜಾಯ್ಡಲ್ ನಿಯಮದಲ್ಲಿ ಮೊದಲ ಮತ್ತು ಕೊನೆಯದರ ಅರ್ಧ, ನಡುವಿನವು ಪೂರ್ತಿ: 1+5+9+14+10, ಅಂದರೆ 39 ಹೆಕ್ಟೇರ್-ಮೀಟರ್. ಸಿಂಪ್ಸನ್ ನಿಯಮದಲ್ಲಿ ತುದಿಯವು ಒಂದೊಂದು ಸಲ, ಎರಡನೆಯದು ನಾಲ್ಕನೆಯದು ನಾಲ್ಕು ಸಲ, ನಡುವಿನದು ಎರಡು ಸಲ, ಒಟ್ಟನ್ನು 3ರಿಂದ ಭಾಗಿಸಬೇಕು: (2+20+56+18+20)/3, ಸುಮಾರು 38.67. ಒಂದು ಹೆಕ್ಟೇರ್-ಮೀಟರ್ ಎಂದರೆ 10,000 ಘನ ಮೀಟರ್, ಹಾಗಾಗಿ ಸುಮಾರು 3,86,700 ಘನ ಮೀಟರ್ ನೀರು. ಚಿಕ್ಕಬಳ್ಳಾಪುರ ತಾಲ್ಲೂಕಿನ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಹೆಸರಾದದ್ದು ನೀರಿನ ಕೆಲಸಗಳಿಂದ. ಅಂಥ ಕೆಲಸದ ಬುಡದಲ್ಲಿರುವುದು ಇಂಥ ಕೂಡಿಕೆಯೇ. ಊರಿನ ಕೆರೆಯ ಹೂಳು ತೆಗೆಯುವ ಮಾತು ಬಂದಾಗ ಎಷ್ಟು ನೀರು ಹೆಚ್ಚಿಗೆ ನಿಂತೀತು ಎಂದು ಲೆಕ್ಕ ಹಾಕಿ ಹೇಳುವ ಶಕ್ತಿ ಈ ಅಧ್ಯಾಯ ಓದಿದ ಪ್ರತಿ ಮಗುವಿಗೂ ಬರಲಿ ಎಂಬುದು ನನ್ನ ಆಸೆ.

ಕಲಸಿ ಅಭ್ಯಾಸ ಮಾಡಿ

ಅಮೆರಿಕದ ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಕಾಲೇಜು ವಿದ್ಯಾರ್ಥಿಗಳಿಗೆ ನಾಲ್ಕು ಬಗೆಯ ಘನಾಕೃತಿಗಳ ಗಾತ್ರ ಕಂಡುಹಿಡಿಯಲು ಕಲಿಸಿದರು. ಒಂದು ಗುಂಪು ಬಗೆ ಬಗೆಯಾಗಿ ಬೇರ್ಪಡಿಸಿದ ಲೆಕ್ಕ ಮಾಡಿತು, ಇನ್ನೊಂದು ಕಲಸಿದ ಲೆಕ್ಕ. ಅಭ್ಯಾಸದ ಹೊತ್ತಿನಲ್ಲಿ ಬೇರ್ಪಡಿಸಿ ಮಾಡಿದವರೇ ಮುಂದು: 89 ಶೇಕಡಾ ಸರಿ, ಕಲಸಿ ಮಾಡಿದವರದು 60. ಒಂದು ವಾರ ಬಿಟ್ಟು ಪರೀಕ್ಷೆ ಕೊಟ್ಟಾಗ ಬೇರ್ಪಡಿಸಿದವರು 20ಕ್ಕೆ ಇಳಿದರು, ಕಲಸಿದವರು 63ರಲ್ಲಿ ನಿಂತರು. ಅಭ್ಯಾಸ ಸಲೀಸಾಗಿ ಸಾಗುತ್ತಿದೆ ಎಂಬ ಒಂದೇ ಕಾರಣಕ್ಕೆ ನೆಮ್ಮದಿಯಾಗಬೇಡಿ.

ಹಾಗಾದರೆ ಮಾಡಬೇಕಾದದ್ದು ಇಷ್ಟು. 7.2ರಿಂದ 7.7ರವರೆಗಿನ ಅಭ್ಯಾಸಗಳಿಂದ ಲೆಕ್ಕಗಳನ್ನು ಆರಿಸಿ ಚೀಟಿಗಳಲ್ಲಿ ಬರೆಯಿರಿ, ಹಿಂಬದಿಯಲ್ಲಿ ಅಭ್ಯಾಸದ ಸಂಖ್ಯೆ. ಡಬ್ಬಿಗೆ ಹಾಕಿ ಅಲ್ಲಾಡಿಸಿ, ಒಂದೊಂದೇ ತೆಗೆಯಿರಿ. ಬಿಡಿಸಬೇಡಿ. ವಿಧಾನದ ಹೆಸರು, ಯಾವುದನ್ನು ಟಿ ಎನ್ನುತ್ತೀರಿ ಅಥವಾ ಯಾವುದು ಮೊದಲನೆಯ ಫಂಕ್ಷನ್, ಇಷ್ಟನ್ನು ಮಾತ್ರ ಹೇಳಿ ಚೀಟಿ ತಿರುಗಿಸಿ. ಬಸ್ಸಿನಲ್ಲಿ ಕೂತೂ ಇದನ್ನು ಮಾಡಬಹುದು, ಪಕ್ಕದಲ್ಲಿ ಗೆಳತಿ ಇದ್ದರೆ ಇನ್ನೂ ಒಳ್ಳೆಯದು. ತಪ್ಪಿದ ಚೀಟಿಗಳನ್ನು ಬೇರೆ ಇಟ್ಟು, ಅವನ್ನು ಮಾತ್ರ ರಾತ್ರಿ ಪೂರ್ತಿ ಬಿಡಿಸಿ. ಅಧ್ಯಾಯದ ಕೊನೆಯಲ್ಲಿರುವ ಮಿಸಲೇನಿಯಸ್ ಅಭ್ಯಾಸವನ್ನು ಬಿಟ್ಟುಬಿಡುವ ರೂಢಿ ಹಲವರಿಗಿದೆ. ಪುಸ್ತಕದಲ್ಲಿ ತಲೆಬರಹದ ಸುಳಿವಿಲ್ಲದ ಲೆಕ್ಕಗಳು ಇರುವುದೇ ಅಲ್ಲಿ, ಅದನ್ನು ಖಂಡಿತ ಮಾಡಿ.

ಶುರು ಮಾಡಲು ಆರು ಚೀಟಿ ಇಲ್ಲಿವೆ. ಪೆನ್ನು ಎತ್ತದೆ ಹೆಸರಿಸಿ.

ಒಂದು: ಲಾಗ್ ಎಕ್ಸ್/ಎಕ್ಸ್. ಎರಡು: ಎಕ್ಸ್ ಲಾಗ್ ಎಕ್ಸ್. ಮೂರು: 1/(ಎಕ್ಸ್ ಲಾಗ್ ಎಕ್ಸ್). ನಾಲ್ಕು: 1/(1+ಇ^ಎಕ್ಸ್). ಐದು: (ಎಕ್ಸ್+1)/(ಎಕ್ಸ್²+4ಎಕ್ಸ್+5). ಆರು: ಸೈನ್ √ಎಕ್ಸ್.

ಮೊದಲನೆಯದಕ್ಕೂ ಮೂರನೆಯದಕ್ಕೂ ಲಾಗ್ ಎಕ್ಸ್ = ಟಿ, ಏಕೆಂದರೆ 1/ಎಕ್ಸ್ ಪಕ್ಕದಲ್ಲೇ ಇದೆ. ಎರಡನೆಯದರಲ್ಲಿ ಅದಿಲ್ಲ, ಹಾಗಾಗಿ ಬೈ ಪಾರ್ಟ್ಸ್, ಲಾಗ್ ಮೊದಲನೆಯ ಫಂಕ್ಷನ್. ನಾಲ್ಕನೆಯದಕ್ಕೆ ಮೇಲೆ ಕೆಳಗೆ ಇ^(−ಎಕ್ಸ್)ನಿಂದ ಗುಣಿಸಿ, ಆಗ ಛೇದದ ಡೆರಿವೇಟಿವ್ ಚಿಹ್ನೆ ಬದಲಾಗಿ ಮೇಲೆ ಕಾಣಿಸುತ್ತದೆ, ಉತ್ತರ −ಲಾಗ್(1+ಇ^(−ಎಕ್ಸ್)). ಐದನೆಯದರಲ್ಲಿ ಛೇದದ ಡೆರಿವೇಟಿವ್ 2ಎಕ್ಸ್+4. ಮೇಲಿನದನ್ನು ½(2ಎಕ್ಸ್+4) − 1 ಎಂದು ಒಡೆದರೆ ಒಂದು ತುಂಡು ಲಾಗ್, ಇನ್ನೊಂದು ಟ್ಯಾನ್ ಇನ್‌ವರ್ಸ್. ಆರನೆಯದಕ್ಕೆ ಎರಡು ಹೆಜ್ಜೆ ಬೇಕು: √ಎಕ್ಸ್ = ಟಿ ಎಂದಿಟ್ಟರೆ 2ಟಿ ಸೈನ್ ಟಿ ಆಗುತ್ತದೆ, ಅಲ್ಲಿಂದ ಬೈ ಪಾರ್ಟ್ಸ್, ಉತ್ತರ 2 ಸೈನ್ √ಎಕ್ಸ್ − 2√ಎಕ್ಸ್ ಕಾಸ್ √ಎಕ್ಸ್.